ನಾಳೆ ನಾನು ನಾಕಾಕ್ಕೆ ಬರುವುದಿಲ್ಲ

ಮೇಸ್ತ್ರಿ ಮಾಪಣ್ಣನವರಿಗೆ ಚಂದ್ರಬಾಯಿಯ ಶರಣು.

ನಾಳೆ ಕೂಲಿಯವರು ನಿಲ್ಲುವ ನಾಕಾದಲ್ಲಿ ನನ್ನ ಮಗ ಸಾಯಬಣ್ಣ ಒಬ್ಬನೇ ಇರುತ್ತಾನೆ. ನನಗೆ ಜ್ವರವೇನಿಲ್ಲ, ಬೇಕೆಂದೇ ಬರುತ್ತಿಲ್ಲ. ನೀವು ನಮ್ಮಿಬ್ಬರನ್ನೂ ಜೋಡಿಯಾಗಿ ಕರೆದೊಯ್ಯುತ್ತೀರಿ. ಅವನು ನಾಲ್ಕು ಇಟ್ಟಿಗೆ ಹೊತ್ತು ಕೂತುಬಿಟ್ಟರೆ ಉಳಿದದ್ದೆಲ್ಲ ನನ್ನ ತಲೆಗೇ. ಫ್ಯಾಕ್ಟರಿ ಕೆಲಸ ಹೋದಾಗಿನಿಂದ ಅವನ ಮನಸ್ಸು ನೆಟ್ಟಗಿಲ್ಲ, ಗೊತ್ತು. ಆದರೆ ಮೂವತ್ತು ದಾಟಿದ ಗಂಡಸು! ಬೈದರೆ, "ನೀ ಅದೀಯಲ್ಲ ಯವ್ವಾ" ಅಂತಾನೆ. ಆ ಮಾತಿಗೇ ನನಗೆ ಮೈ ಉರಿಯುತ್ತದೆ.

"ಅವ್ವ ಬಂದಿಲ್ಲ" ಎಂದು ಹಿಂದೆ ಸರಿದರೆ ಬಿಡಬೇಡಿ, ಟೆಂಪೋ ಹತ್ತಿಸಿ. ಈ ಚೀಟಿಯ ಜೊತೆ ಇಟ್ಟಿಗೆ ಹೊರುವಾಗ ನಾನು ತಲೆಗೆ ಇಟ್ಟುಕೊಳ್ಳುವ ಸಿಂಬಿ ಕಳಿಸಿದ್ದೇನೆ, ಅವನಿಗೆ ಕೊಡಿ. ಇದು ಮನೆಯಲ್ಲಿದ್ದರೆ ನಾನೇ ಓಡಿ ಬಂದೇನು.

ಇಂತಿ,
ಸಾಯಬಣ್ಣನ ತಾಯಿ
ಚಂದ್ರಬಾಯಿ