ಅಕ್ಕ ಆರಿಸಿದ ಜಾಗ

೧೨ ಫೆಬ್ರವರಿ ೨೦೦೬, ರವಿವಾರ, ಅವರ್ಸಾ

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಮನೆಯಲ್ಲಿ ಕರಪತ್ರ ಓದಿ ಹೇಳಿದವನು ನಾನೇ. ಮನೆ ಕಟ್ಟುವ ಜಾಗ ಎರಡು ಪಾಲಾದಾಗ, ಮೊದಲು ಸುನೀತಕ್ಕನೇ ಆರಿಸಲಿ ಎಂದವನೂ ನಾನೇ.

ಅಕ್ಕ ಎರಡೂ ಪಾಲಿನಲ್ಲಿ ಮೊಣಕಾಲುದ್ದದ ಗುಂಡಿ ತೋಡಿಸಿ, ತೆಗೆದ ಮಣ್ಣನ್ನೇ ಮತ್ತೆ ತುಂಬಿಸಿದಳು. ಮೂಡ ಬದಿಯಲ್ಲಿ ಗುಂಡಿ ತುಂಬಿಯೂ ಮಣ್ಣು ಮಿಕ್ಕಿತು. ಅಂಥ ನೆಲ ಗಟ್ಟಿ ಎನ್ನುತ್ತಾರೆ. ಪಡು ಬದಿಯ ಗುಂಡಿ ತುಂಬಲೇ ಇಲ್ಲ.

"ತಮ್ಮಾ, ನಂಗೆ ಮೂಡ ಬದಿಯದೇ ಸಾಕು," ಅಂದಳು.

ಅಪ್ಪ ನಕ್ಕ. "ನಿನ್ನ ಕರಪತ್ರದಲ್ಲಿ ಗುಂಡಿ ವಿಷಯ ಇರ್ಲಿಲ್ವೇನೋ?"

ಗುಂಡಿ ಪರೀಕ್ಷೆಯಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಆ ಪಾಲೇ ಬೇಕು ಅನಿಸುತ್ತಿದೆ. ಸಮಾನತೆ ಎಂದು ಕೂಗುತ್ತಿದ್ದಾಗಲೆಲ್ಲ, ಕಡೆಗೆ ಅಕ್ಕ 'ನಂಗೆ ಬೇಡ, ನೀನೇ ಇಟ್ಕೊ' ಅನ್ನುತ್ತಾಳೆ ಎಂದೇ ಒಳಗೊಳಗೆ ನಂಬಿದ್ದೆ.