ನಾನು ಅಂದ ಒಂದು ‘ಹೂಂ’

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟಕ್ಕನಿಗೆ,

ಅಪ್ಪ ಮಾಡುವ ಆಶೀರ್ವಾದ. ನೀನು ಮುನಿಸಿಕೊಂಡಿದ್ದೀಯ ಅಂತ ಗೊತ್ತಿದ್ದೂ ಒಂಬತ್ತು ದಿನ ಸುಮ್ಮನಿದ್ದೆ, ತಪ್ಪಾಯಿತು. ನಿನ್ನ ಸನ್ಮಾನದ ಮಾರನೇ ದಿನವೇ ಬರೆಯಲು ಕೂತೆ. ನಾಲ್ಕು ಹಾಳೆ ಹರಿದು ಹಾಕಿದೆ. ಇದು ಐದನೆಯದು. ಇಲ್ಲಿ ಎಲ್ಲರೂ ಆರಾಮ. ನಿನ್ನ ಅತ್ತಿಗೆಯ ಮಂಡಿನೋವು ಮಾತ್ರ ಹಾಗೇ ಇದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನನಗೆ ಕಿವಿ ಕೇಳಿಸುವುದಿಲ್ಲ. ಸ್ವಲ್ಪ ಮಂದ ಅಂತ ಹೇಳುತ್ತಿದ್ದೆನಲ್ಲ, ಸುಳ್ಳು. ಮೂವತ್ತನಾಲ್ಕು ವರ್ಷ ಪ್ರೆಸ್ಸಿನ ಮೆಷಿನ್ ಪಕ್ಕ ನಿಂತು ಬಲಗಿವಿ ಯಾವತ್ತೋ ಹೋಗಿತ್ತು. ಹೋದ ವರ್ಷ ಜ್ವರ ಬಂತಲ್ಲ, ಆಗ ಎಡಗಿವಿಯೂ ಹೋಯಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ‘ಇನ್ನೇನೂ ಮಾಡೋಕಾಗಲ್ಲ ಯಜಮಾನ್ರೇ’ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ನಿನಗೆ ತಿಳಿದರೆ ಕಾಲೇಜು, ಪುಸ್ತಕ ಎಲ್ಲ ಬಿಟ್ಟು ಓಡಿಬರುತ್ತೀಯ ಅಂತ ನಿನ್ನ ಅಣ್ಣನ ಬಾಯಿ ಕಟ್ಟಿದವನು ನಾನೇ. ಅವನನ್ನು ಬೈಬೇಡ. ನಿಮ್ಮಮ್ಮ ಇದ್ದಾಗ ಫೋನು ಅವಳೇ ಎತ್ತುತ್ತಿದ್ದಳು. ಅವಳು ಹೋದ ಮೇಲೆ ‘ಅಪ್ಪ ಫೋನೇ ಎತ್ತಲ್ಲ’ ಅಂತ ನೀನು ರೇಗಿದೆಯಂತೆ. ಎತ್ತಿ ಏನು ಮಾಡಲಿ, ಹೇಳು.

ಸಭೆಯಲ್ಲಿ ನನ್ನನ್ನು ಮೂರನೇ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ, ನಿನ್ನ ವಿದ್ಯಾರ್ಥಿನಿ. ಎಲ್ಲರ ಚಪ್ಪಾಳೆ ನೋಡಿಕೊಂಡು ನಾನು ಚಪ್ಪಾಳೆ ಹೊಡೆಯುವುದು ಅವಳ ಕಣ್ಣಿಗೆ ಬಿತ್ತು. ಅವಳು ಪೆನ್ನು ತೆಗೆದು, ವೇದಿಕೆಯ ಮೇಲೆ ಆಡಿದ ಮಾತುಗಳನ್ನು ಆಹ್ವಾನ ಪತ್ರಿಕೆಯ ಬೆನ್ನಿಗೆ ಬರೆದು ಬರೆದು ತೋರಿಸುತ್ತಾ ಹೋದಳು.

ನಿನ್ನ ವಿಭಾಗದ ಮುಖ್ಯಸ್ಥರು, ‘ಹಾಜರಿ ತಗೊಳ್ಳದೆ ತುಂಬೋ ಕ್ಲಾಸು ನಮ್ಮಲ್ಲಿ ಇವರದ್ದೊಂದೇ’ ಅಂದರಂತೆ. ಎಂಟು ಸಾಲಿನ ಪದ್ಯವನ್ನು ಮೂರು ವಾರ ಪಾಠ ಮಾಡಿದೆಯಂತೆ, ಮಕ್ಕಳು ಇನ್ನೊಂದು ವಾರ ಬೇಕು ಅಂತ ಹಟ ಹಿಡಿದರಂತೆ. ಹನ್ನೊಂದು ವರ್ಷ ನೂಲಿನ ಗಿರಣಿ, ಇಟ್ಟಿಗೆ ಗೂಡು ಅಂತ ಅಲೆದು, ಹೆಂಗಸರು ಕೆಲಸ ಮಾಡುತ್ತಾ ಹಾಡಿಕೊಳ್ಳುವ ಹಾಡು ಬರೆದುಕೊಂಡೆಯಲ್ಲ, ಅದರ ಬಗ್ಗೆ ನಿನ್ನ ಗುರುಗಳು ಮಾತಾಡಿದರು. ‘ಮೂವತ್ತು ವರ್ಷ ನಾನು ಬರೆದದ್ದನ್ನು ಇವಳ ಪುಸ್ತಕ ಓದಿ ತಿದ್ದಿಕೊಂಡೆ. ತಿದ್ದಿದವಳು ನನ್ನ ಶಿಷ್ಯೆ ಅನ್ನೋ ಹೊಟ್ಟೆಕಿಚ್ಚು ಬೇರೆ!’ ಇದನ್ನು ಬರೆಯುವಾಗ ಆ ಹುಡುಗಿ ನಗುತ್ತಿದ್ದಳು. ನನಗೆ ಎದೆ ಉಬ್ಬಿಬಂತು.

ಆಮೇಲೆ ನೀನು ಎದ್ದೆ. ಅವಳು ಪೆನ್ನು ಕೆಳಗಿಟ್ಟಳು. ‘ಬರಿಯಮ್ಮ’ ಅಂದೆ. ‘ಮೇಡಂ ಮಾತಾಡುವಾಗ ಬರೆಯೋಕಾಗಲ್ಲ ತಾತ, ಕೇಳ್ಬೇಕು’ ಅಂತಷ್ಟೇ ಬರೆದು ಪೆನ್ನಿಗೆ ಕ್ಯಾಪು ಹಾಕಿಬಿಟ್ಟಳು.

ನಾನು ಜನರ ಮುಖ ನೋಡುತ್ತಾ ಕೂತೆ. ಬಾಗಿಲು ಹಾಕಲು ಬಂದಿದ್ದ ವಾಚ್‌ಮನ್ ಬೀಗ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತುಬಿಟ್ಟ. ಮುಂದಿನ ಸಾಲಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಮ್ಮೆ ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಅಷ್ಟು ಹೊತ್ತಿಗೆ ಎಲ್ಲರ ನಗು ಮುಗಿದಿತ್ತು.

ಕೊನೆಗೆ ನೀನು ಜನರಿಂದ ಬಿಡಿಸಿಕೊಂಡು ಬಂದು ನನ್ನ ಕೈ ಹಿಡಿದೆ. ಏನೋ ಕೇಳಿದೆ. ಯಾರೋ ಹಿಂದಿನಿಂದ ಕರೆದರು, ನೀನು ಅರ್ಧ ಆ ಕಡೆ ತಿರುಗಿದ್ದೆ, ತುಟಿ ಕಾಣಿಸಲಿಲ್ಲ. ‘ಚೆನ್ನಾಗಿತ್ತಾ’ ಅಂತ ಕೇಳಿರಬೇಕು ಅಂದುಕೊಂಡೆ. ‘ಹೂಂ ಮತ್ತೆ!’ ಅಂತ ಜೋರಾಗಿ ತಲೆಯಾಡಿಸಿದೆ. ನಿನ್ನ ಮುಖ ಸಪ್ಪಗಾಯಿತು. ಕೈ ಬಿಟ್ಟು ಹೊರಟುಹೋದೆ.

ಆಗ ಪಕ್ಕದಲ್ಲೇ ನಿಂತಿದ್ದ ಆ ಹುಡುಗಿಯನ್ನು ಗೇಟಿನ ಹತ್ತಿರ ನಿಲ್ಲಿಸಿ, ನೀನು ಕೇಳಿದ್ದೇನು ಅಂತ ವಿಚಾರಿಸಿದೆ. ಅವಳು ಬರೆಯಲು ಹಿಂದೆ ಮುಂದೆ ನೋಡಿದಳು. ಆಮೇಲೆ ಬರೆದಳು: ‘ಅಪ್ಪಾ, ಇವತ್ತೂ ಜಾಸ್ತಿ ಮಾತಾಡಿಬಿಟ್ನಾ?’

ಇಲ್ಲ ಮಗಳೇ, ಇಲ್ಲ. ಅದಕ್ಕೆ ಹೂಂ ಅಂದದ್ದಲ್ಲ ನಾನು. ಬಸ್ಸಿನಲ್ಲಿ ಬರುವಾಗ ನಿನ್ನ ಅಣ್ಣ ಪಕ್ಕದಲ್ಲಿದ್ದಾನೆ ಅನ್ನುವುದನ್ನೂ ಮರೆತು ಅತ್ತುಬಿಟ್ಟೆ.

ಗಂಟಲು ಜೋಪಾನ, ಬಿಸಿನೀರು ಕುಡಿ. ನಿನ್ನ ಮಾತು ಕೇಳಲು ಜನ ಹೀಗೇ ಕಾದು ಕೂರಲಿ, ನಿನಗೆ ನನ್ನ ಆಯುಸ್ಸೂ ಸೇರಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆ ‘ಇವತ್ತೂ’ ಯಾಕೆ ಬಂತು ಅಂತ ನನಗೆ ಗೊತ್ತು. ಸಂಜೆ ನಾನು ಕೆಲಸದಿಂದ ಬಂದ ಕೂಡಲೇ ನೀನು ಶಾಲೆಯ ಕಥೆ ಹೇಳಲು ಓಡಿಬರುತ್ತಿದ್ದೆ. ನಾನು ಚಪ್ಪಲಿ ಬಿಡುವ ಮೊದಲೇ ‘ಬಾಯ್ಮುಚ್ಚೇ, ತಲೆ ಸಿಡೀತಿದೆ’ ಅನ್ನುತ್ತಿದ್ದೆ. ವರ್ಷಗಟ್ಟಲೆ ಅಂದೆ. ಆಮೇಲಾಮೇಲೆ ನೀನು ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಪಿಸುಗುಟ್ಟಲು ಕಲಿತೆ. ಕಿವಿ ಹೋದ ಮೇಲೆ ಹಳೆಯ ಸದ್ದುಗಳನ್ನೆಲ್ಲ ನೆನೆಸಿಕೊಳ್ಳುತ್ತಾ ಕೂರುತ್ತೇನೆ. ಮೆಷಿನ್ ಸದ್ದು ಬರುತ್ತದೆ. ನಿಮ್ಮಮ್ಮ ಕೆಮ್ಮುತ್ತಿದ್ದದ್ದು ಬರುತ್ತದೆ. ಎಷ್ಟು ಹೊತ್ತು ಕೂತರೂ ನಿನ್ನ ದನಿ ಮಾತ್ರ ಬರುತ್ತಿಲ್ಲ, ಪುಟ್ಟಕ್ಕ.