ಕರ್ರಗಾದ ಗೇರ್ ಆಯಿಲ್

ಸಚಿನ,

ಪಿಕಪ್ ಗಾಡಿಯನ್ನು ಕ್ರೇನಿಗೆ ಹಾಕಿಸಿ ರಿಪೇರಿಗೆ ಬೈಲಹೊಂಗಲಕ್ಕೆ ಒಯ್ಯುತ್ತಿದ್ದೇನೆ. ನಿನ್ನೆ ಮಿಸ್ತ್ರಿ ಗೇರ್‌ಬಾಕ್ಸಿನ ಆಯಿಲ್ ತೆಗೆದು ತೋರಿಸಿದ. ಕೆಂಪಗಿರಬೇಕಾದದ್ದು ಕರ್ರಗಾಗಿ ಸುಟ್ಟ ವಾಸನೆ ಬರುತ್ತಿತ್ತು. "ಇದನ್ನ ಒಮ್ಮಿನೂ ಬದಲಿ ಮಾಡಿಲ್ರಿ ಅಕ್ಕಾರ, ಅದಕ್ಕ ಗೇರ ಏರವಲ್ದು" ಎಂದ. ದೀಪಾವಳಿಗೆ ಆಯಿಲ್ ಬದಲಿ ಮಾಡಿಸಿದೆಯಾ ಎಂದು ನಾನು ಕೇಳಿದಾಗ ನೀನು "ಮಾಡಿಸೇನಿ ಅಕ್ಕಾ" ಅಂದಿದ್ದೆ. ಫರ್ಶಿ ಕಲ್ಲು ಹೇರಿ ಯಲ್ಲಮ್ಮನ ಗುಡ್ಡ ಹತ್ತಿಸುವಾಗ ಕೆಳಗಿನ ಗೇರಿಗೆ ಹಾಕು ಎಂದರೆ, "ಆಟೋಮ್ಯಾಟಿಕ್ ಐತಿ, ತಾನ ಹಾಕ್ಕೋತೈತಿ ಬಿಡ" ಅಂದೆ.

ಅಪ್ಪನಿಗೆ ಲಕ್ವಾ ಹೊಡೆದ ದಿನ ಸವದತ್ತಿ ದಾಟಿದ ಮೇಲೆ ಗಾಡಿ ಎರಡನೇ ಗೇರು ಬಿಟ್ಟು ಮೇಲೇರಲಿಲ್ಲ. ಎಂಜಿನ್ ಅರಚುತ್ತಿತ್ತು, ನಾವು ತೆವಳುತ್ತಿದ್ದೆವು. "ಒಂದ ತಾಸು ಮೊದಲ ತಂದಿದ್ರ ಮಾತು ಉಳೀತಿತ್ತು" ಎಂದರು ಧಾರವಾಡದ ಡಾಕ್ಟರು. ನೀನು ಪಕ್ಕದಲ್ಲೇ ನಿಂತು ಗಾಡಿಯನ್ನು ಬೈಯುತ್ತಿದ್ದೆ.

ಹತ್ತು ಗಂಟೆಗೆ ಅಪ್ಪನಿಗೆ ಗಂಜಿ ಕುಡಿಸು. ಬಾಯಿಯ ಎಡಗಡೆಯಿಂದ ಕುಡಿಸು, ಬಲಗಡೆ ಸೋರುತ್ತದೆ. ಗುಳಿಗೆ ಪುಡಿಮಾಡಿ ಹಾಕು.

ಆಯಿಲ್ ವಿಷಯ ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದ್ದೇನೆ. ನೀನು ಗೊರಕೆ ಹೊಡೆಯುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ಅತ್ತ. ಆಮೇಲೆ ಎಡಗೈ ಎತ್ತಿ, ನಿನಗೆ ಚಾದರ ಹೊದಿಸು ಎಂದು ಸನ್ನೆ ಮಾಡಿದ.

ನಾನು ಹೊದಿಸಲಿಲ್ಲ.

ಮೀನಾ